ಒಕ್ಕಲುತನದ ಪಾಲು-ಹಂಚಿಕೆಯಲ್ಲಿ ಮಹತ್ತಮ ಸಾಮಾನ್ಯ ಅಪವರ್ತನ



ಒಕ್ಕಲುತನದಲ್ಲಿ ಭಾಗ ಮಾಡುವ ಪ್ರಸಂಗಗಳು ದಿನವೂ ಬರುತ್ತವೆ. ರಾಶಿಯಾದ ಮೇಲೆ ಕಾಳನ್ನು ಚೀಲಗಳಿಗೆ ತುಂಬಬೇಕು. ಹೊಲದ ಸುತ್ತ ಬೇಲಿಯ ಕಂಬ ನೆಡಬೇಕು. ನಾಲ್ಕು ಜನ ಕೂಡಿ ಕೊಂಡ ಬೀಜ, ಔಷಧಗಳನ್ನು ಹಂಚಿಕೊಳ್ಳಬೇಕು. ಹಿರಿಯರ ಹೊಲವನ್ನು ಮಕ್ಕಳು ಪಾಲು ಮಾಡಿಕೊಳ್ಳಬೇಕು. ಇಂಥ ಕೆಲಸಗಳನ್ನು ಬಹಳ ಜನ ಅಂದಾಜಿನ ಮೇಲೆ ಮಾಡುತ್ತಾರೆ. ಕೊನೆಗೆ ಅರ್ಧ ಚೀಲ ಉಳಿಯುತ್ತದೆ, ಮೂಲೆಗಲ್ಲಿನ ಹತ್ತಿರ ಒಂದೇ ಅಡಿಯಲ್ಲಿ ಎರಡು ಕಂಬ ನಿಲ್ಲುತ್ತವೆ, ಪಾಲಿನಲ್ಲಿ ಉಳಿದ ಎರಡು ಗುಂಟೆಗಾಗಿ ಮನೆಯಲ್ಲಿ ಮಾತು ಬೆಳೆಯುತ್ತದೆ.

ಇವುಗಳಲ್ಲಿ ಹೆಚ್ಚಿನ ತೊಂದರೆಗಳನ್ನು ಶಾಲೆಯಲ್ಲಿ ಕಲಿತ ಒಂದು ಸಣ್ಣ ಲೆಕ್ಕದಿಂದ ಮೊದಲೇ ತಪ್ಪಿಸಬಹುದು. ಅದೇ ಮಹತ್ತಮ ಸಾಮಾನ್ಯ ಅಪವರ್ತನ, ಚಿಕ್ಕದಾಗಿ ಮ.ಸಾ.ಅ. ಪರೀಕ್ಷೆ ಮುಗಿದೊಡನೆ ನಾವು ಇದನ್ನು ಮರೆತುಬಿಡುತ್ತೇವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹೊಲಮನೆಗಳಲ್ಲಿ ಬರುವಂಥ ಉದಾಹರಣೆಗಳ ಮೂಲಕ ಇದರ ಉಪಯೋಗವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಉದಾಹರಣೆಗಳ ಅಂಕಿಗಳು ತಿಳಿವಳಿಕೆಗಾಗಿ ಆರಿಸಿಕೊಂಡವು. ಅವುಗಳ ಜಾಗದಲ್ಲಿ ನಿಮ್ಮ ಹೊಲದ ಅಂಕಿಗಳನ್ನು ಇಟ್ಟು ಲೆಕ್ಕ ಮಾಡಬೇಕು.

ಮ.ಸಾ.ಅ. ಎಂದರೇನು?

ಒಂದು ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆಗೆ ಅದರ ಅಪವರ್ತನ ಎನ್ನುತ್ತಾರೆ. 12ನ್ನು 1, 2, 3, 4, 6, 12 ಇವು ಸರಿಯಾಗಿ ಭಾಗಿಸುತ್ತವೆ. 18ನ್ನು 1, 2, 3, 6, 9, 18 ಇವು ಸರಿಯಾಗಿ ಭಾಗಿಸುತ್ತವೆ. ಎರಡರಲ್ಲಿಯೂ ಇರುವವು 1, 2, 3, 6. ಇವು ಸಾಮಾನ್ಯ ಅಪವರ್ತನಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು 6. ಆದ್ದರಿಂದ 12 ಮತ್ತು 18ರ ಮ.ಸಾ.ಅ. 6.

ಒಕ್ಕಲುತನದ ಮಾತಿನಲ್ಲಿ ಹೇಳುವುದಾದರೆ, ಮ.ಸಾ.ಅ. ಎಂದರೆ ಎಲ್ಲ ರಾಶಿಗಳನ್ನೂ ಏನೂ ಉಳಿಯದಂತೆ ಅಳೆಯಬಲ್ಲ ಎಲ್ಲಕ್ಕಿಂತ ದೊಡ್ಡ ಒಂದೇ ಅಳತೆ. 12 ಸೇರು ಮತ್ತು 18 ಸೇರಿನ ಎರಡು ರಾಶಿಗಳನ್ನು 6 ಸೇರಿನ ಬುಟ್ಟಿಯಿಂದ ಅಳೆದರೆ ಒಂದು 2 ಬುಟ್ಟಿ, ಇನ್ನೊಂದು 3 ಬುಟ್ಟಿ ಆಗುತ್ತದೆ. ಕಾಳು ಉಳಿಯುವುದಿಲ್ಲ, ಬುಟ್ಟಿಯೂ ಅರ್ಧವಾಗುವುದಿಲ್ಲ.

ಇದರೊಡನೆ ಇನ್ನೊಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. 6 ಸರಿಹೊಂದುವುದಾದರೆ ಅದರ ಅಪವರ್ತನಗಳಾದ 3, 2, 1 ಕೂಡ ಸರಿಹೊಂದುತ್ತವೆ. ಮ.ಸಾ.ಅ. ಮೇಲಿನ ಮಿತಿಯನ್ನು ತೋರಿಸುತ್ತದೆ. ಆ ಮಿತಿಯೊಳಗೆ ನಮ್ಮ ಕೆಲಸಕ್ಕೆ ಯಾವುದು ಅನುಕೂಲವೋ ಅದನ್ನು ನಾವು ಆರಿಸಿಕೊಳ್ಳಬೇಕು. ಮುಂದಿನ ಉದಾಹರಣೆಗಳಲ್ಲೆಲ್ಲ ಈ ಮಾತು ಉಪಯೋಗಕ್ಕೆ ಬರುತ್ತದೆ.

ಹಗ್ಗದಿಂದ ತಿಳಿಯುವ ವಿಧಾನ

ಸಂಖ್ಯೆಗಳು ದೊಡ್ಡವಾದಾಗ ಅಪವರ್ತನಗಳನ್ನೆಲ್ಲ ಬರೆಯುತ್ತ ಕೂಡುವುದು ಬೇಸರದ ಕೆಲಸ. ಅದಕ್ಕೆ ಪರಸ್ಪರ ಭಾಗಾಕಾರದ ವಿಧಾನ ಸುಲಭವಾದದ್ದು. ಇದನ್ನು ಎರಡು ಹಗ್ಗಗಳಿಂದ ತಿಳಿದುಕೊಳ್ಳಬಹುದು.

ಒಂದು ಹಗ್ಗ 30 ಮೊಳ, ಇನ್ನೊಂದು 21 ಮೊಳ ಇರಲಿ. ಉದ್ದ ಹಗ್ಗದ ಪಕ್ಕಕ್ಕೆ ಗಿಡ್ಡ ಹಗ್ಗವನ್ನು ಹಾಸಿರಿ. ಉದ್ದದ್ದರಲ್ಲಿ 9 ಮೊಳ ಹೆಚ್ಚಾಗಿ ಉಳಿಯುತ್ತದೆ. ಈಗ ಆ 9 ಮೊಳದಿಂದ 21 ಮೊಳದ ಹಗ್ಗವನ್ನು ಅಳೆಯಿರಿ. ಎರಡು ಸಲ ಹಾಸಿದ ಮೇಲೆ 3 ಮೊಳ ಉಳಿಯುತ್ತದೆ. ಆ 3 ಮೊಳದಿಂದ 9 ಮೊಳವನ್ನು ಅಳೆದರೆ ಸರಿಯಾಗಿ ಮೂರು ಸಲ ಆಗುತ್ತದೆ, ಏನೂ ಉಳಿಯುವುದಿಲ್ಲ. ಉಳಿಯದಂತೆ ಅಳೆದ ಆ ಕೊನೆಯ ತುಂಡೇ, ಅಂದರೆ 3 ಮೊಳವೇ, ಮ.ಸಾ.ಅ.

ಇದು ಹೀಗೇಕೆ? ಎರಡೂ ಹಗ್ಗಗಳನ್ನು ಸರಿಯಾಗಿ ಅಳೆಯುವ ಯಾವುದೇ ಕೋಲು, ಅವುಗಳ ನಡುವಿನ ವ್ಯತ್ಯಾಸವನ್ನೂ ಸರಿಯಾಗಿಯೇ ಅಳೆಯಬೇಕು. ಆದ್ದರಿಂದ ದೊಡ್ಡದನ್ನು ಬಿಟ್ಟು ಉಳಿದ ತುಂಡಿನೊಡನೆ ಲೆಕ್ಕ ಮುಂದುವರಿಸಿದರೂ ಉತ್ತರ ಬದಲಾಗುವುದಿಲ್ಲ, ಸಂಖ್ಯೆಗಳು ಮಾತ್ರ ಚಿಕ್ಕವಾಗುತ್ತ ಹೋಗುತ್ತವೆ.

ಕಾಗದದ ಮೇಲೆ ಮಾಡುವ ಕ್ರಮ ಹೀಗಿದೆ:

1. ದೊಡ್ಡ ಸಂಖ್ಯೆಯನ್ನು ಚಿಕ್ಕ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಬರೆದುಕೊಳ್ಳಬೇಕು.
2. ಆ ಶೇಷದಿಂದ ಹಿಂದಿನ ಭಾಜಕವನ್ನು ಭಾಗಿಸಬೇಕು.
3. ಶೇಷ ಸೊನ್ನೆ ಬರುವವರೆಗೆ ಹೀಗೆಯೇ ಮುಂದುವರಿಸಬೇಕು. ಕೊನೆಯ ಭಾಜಕವೇ ಮ.ಸಾ.ಅ.
4. ಮೂರು ಅಥವಾ ಹೆಚ್ಚು ಸಂಖ್ಯೆಗಳಿದ್ದರೆ, ಮೊದಲಿನ ಎರಡರ ಉತ್ತರವನ್ನೂ ಮೂರನೆಯ ಸಂಖ್ಯೆಯನ್ನೂ ತೆಗೆದುಕೊಂಡು ಮತ್ತೆ ಅದೇ ರೀತಿ ಮಾಡಬೇಕು.

ಈ ವಿಧಾನ ಬಹಳ ಹಳೆಯದು. ಗ್ರೀಕರ ಯೂಕ್ಲಿಡ್ ಕ್ರಿಸ್ತಪೂರ್ವ 300ರ ಸುಮಾರಿಗೆ ಇದನ್ನು ಬರೆದಿಟ್ಟ. ನಮ್ಮಲ್ಲಿ ಆರ್ಯಭಟನು 499ರಲ್ಲಿ ರಚಿಸಿದ ಗ್ರಂಥದ ಕುಟ್ಟಕ ಗಣಿತಕ್ಕೂ ಪರಸ್ಪರ ಭಾಗಾಕಾರವೇ ಆಧಾರ. ಭಾಸ್ಕರಾಚಾರ್ಯನು 1150ರ 'ಲೀಲಾವತಿ'ಯಲ್ಲಿ, ಎರಡು ಸಂಖ್ಯೆಗಳನ್ನು ಪರಸ್ಪರ ಭಾಗಿಸುತ್ತ ಹೋದಾಗ ಕೊನೆಗೆ ಉಳಿಯುವುದನ್ನು ಅಪವರ್ತನವೆಂದು ಕರೆದಿದ್ದಾನೆ. ನಮ್ಮ ಶಾಲೆಯ ಪುಸ್ತಕದಲ್ಲಿಯೂ ಇದೇ ಶಬ್ದವಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ, ಅಂದರೆ 9ನೆಯ ಶತಮಾನದ, ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವು ಪಾಲು, ಧಾನ್ಯ, ಬಡ್ಡಿ, ಅಗೆತದ ಲೆಕ್ಕಗಳಿಂದ ತುಂಬಿದೆ. ಅದೇ ಅರಸನ ಕಾಲದ 'ಕವಿರಾಜಮಾರ್ಗ'ದಲ್ಲಿ ಕನ್ನಡದ ತಿರುಳು ಪ್ರದೇಶಗಳಲ್ಲಿ ಒಂದೆಂದು ಹೆಸರಿಸಲಾದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. 12ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದ. ಹೀಗೆ ಗಣಿತವನ್ನು ವ್ಯವಹಾರಕ್ಕೆ ಬಳಸುವುದು ನಮ್ಮ ನಾಡಿಗೆ ಹೊಸದಲ್ಲ.

ಮೊದಲು ಎಲ್ಲವೂ ಒಂದೇ ಮಾನದಲ್ಲಿರಲಿ

ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಎಕರೆ-ಗುಂಟೆಯನ್ನು ಗುಂಟೆಗೆ, ಅಡಿ-ಇಂಚನ್ನು ಇಂಚಿಗೆ, ಕ್ವಿಂಟಲನ್ನು ಕಿಲೋಗೆ ಇಳಿಸಿಕೊಂಡ ಮೇಲೆಯೇ ಮ.ಸಾ.ಅ. ತೆಗೆಯಬೇಕು. 40 ಗುಂಟೆಗೆ 1 ಎಕರೆ. 33 ಅಡಿ ಉದ್ದ, 33 ಅಡಿ ಅಗಲದ ಜಾಗ 1 ಗುಂಟೆ. 16 ಆಣೆಗೆ 1 ಗುಂಟೆ ಎಂಬುದು ನಿಮಗೆ ಗೊತ್ತೇ ಇದೆ.

ಉದಾಹರಣೆಗೆ, ಕಾಳು ಇಡುವ ಕೋಣೆ 15 ಅಡಿ 9 ಇಂಚು ಉದ್ದ, 12 ಅಡಿ 3 ಇಂಚು ಅಗಲ ಇದೆ. ನೆಲಕ್ಕೆ ಚೌಕಾಕಾರದ ಫರಸಿಗಳನ್ನು ತುಂಡು ಮಾಡದೆ ಹಾಕಬೇಕು. ಒಂದು ಫರಸಿ ಹೆಚ್ಚೆಂದರೆ ಎಷ್ಟು ದೊಡ್ಡದಿರಬಹುದು? ಉದ್ದ 189 ಇಂಚು, ಅಗಲ 147 ಇಂಚು. 189ರಲ್ಲಿ 147 ಹೋದರೆ 42. 147ನ್ನು 42ರಿಂದ ಭಾಗಿಸಿದರೆ ಶೇಷ 21. 42ನ್ನು 21ರಿಂದ ಭಾಗಿಸಿದರೆ ಶೇಷ ಸೊನ್ನೆ. ಆದ್ದರಿಂದ 21 ಇಂಚಿನ ಫರಸಿ ಬೇಕು. ಉದ್ದಕ್ಕೆ 9, ಅಗಲಕ್ಕೆ 7, ಒಟ್ಟು 63 ಫರಸಿ. 21 ಇಂಚಿನದು ಸಿಗದಿದ್ದರೆ 7 ಇಂಚಿನದೂ ಹೊಂದುತ್ತದೆ. ಆದರೆ 2 ಅಡಿಯ ಫರಸಿ ತಂದರೆ ಎರಡೂ ಕಡೆ ಕತ್ತರಿಸಲೇಬೇಕು. ಇದನ್ನು ಅಂಗಡಿಗೆ ಹೋಗುವ ಮೊದಲೇ ತಿಳಿದಿರುವುದು ಒಳ್ಳೆಯದು.

ಕಾಳಿನ ಚೀಲಗಳು

ಒಬ್ಬ ರೈತರ ಮನೆಯಲ್ಲಿ ಕಡಲೆ 420 ಕಿಲೋ, ಹೆಸರು 252 ಕಿಲೋ, ಬಿಳಿಜೋಳ 308 ಕಿಲೋ ಇವೆ. ಒಂದರಲ್ಲೊಂದು ಬೆರೆಯಬಾರದು, ಎಲ್ಲ ಚೀಲಗಳ ತೂಕವೂ ಒಂದೇ ಇರಬೇಕು, ಯಾವ ಚೀಲವೂ ಅರ್ಧ ಉಳಿಯಬಾರದು. ಒಂದು ಚೀಲಕ್ಕೆ ಹೆಚ್ಚೆಂದರೆ ಎಷ್ಟು ತುಂಬಬಹುದು?

420ನ್ನು 252ರಿಂದ ಭಾಗಿಸಿದರೆ ಶೇಷ 168.
252ನ್ನು 168ರಿಂದ ಭಾಗಿಸಿದರೆ ಶೇಷ 84.
168ನ್ನು 84ರಿಂದ ಭಾಗಿಸಿದರೆ ಶೇಷ 0. ಮೊದಲಿನ ಉತ್ತರ 84.
308ನ್ನು 84ರಿಂದ ಭಾಗಿಸಿದರೆ ಶೇಷ 56.
84ನ್ನು 56ರಿಂದ ಭಾಗಿಸಿದರೆ ಶೇಷ 28.
56ನ್ನು 28ರಿಂದ ಭಾಗಿಸಿದರೆ ಶೇಷ 0. ಕೊನೆಯ ಉತ್ತರ 28.

ಪ್ರತಿ ಚೀಲಕ್ಕೆ 28 ಕಿಲೋ. ಕಡಲೆ 15 ಚೀಲ, ಹೆಸರು 9 ಚೀಲ, ಜೋಳ 11 ಚೀಲ, ಒಟ್ಟು 35 ಚೀಲ. ಉತ್ತರ ಸರಿಯಾಗಿದೆಯೇ ಎಂದು ನೋಡಲು 15, 9, 11 ಈ ಮೂರನ್ನೂ ಭಾಗಿಸುವ ಸಂಖ್ಯೆ 1ನ್ನು ಬಿಟ್ಟು ಬೇರೆ ಇದೆಯೇ ಎಂದು ಪರೀಕ್ಷಿಸಬೇಕು. ಇಲ್ಲವಾದ್ದರಿಂದ 28ಕ್ಕಿಂತ ದೊಡ್ಡ ಅಳತೆ ಸಾಧ್ಯವಿಲ್ಲ.

ಇದರ ಲಾಭವೇನು? ಚೀಲ ಎಣಿಸಿದರೆ ಸಾಕು, ತೂಕ ತಿಳಿಯುತ್ತದೆ. ಮನೆಖರ್ಚಿಗೆ ಎರಡು ಚೀಲ ತೆಗೆದರೆ ಎಷ್ಟು ಉಳಿಯಿತೆಂದು ಮತ್ತೆ ತೂಗಬೇಕಾಗಿಲ್ಲ. 28 ಕಿಲೋದ ಚೀಲವನ್ನು ಒಬ್ಬರೇ ಎತ್ತಿಡಲೂ ಬರುತ್ತದೆ. ಆದರೆ ಚೀಲಗಳ ಸಂಖ್ಯೆ ಕಡಿಮೆಯಾಗಬೇಕೆಂಬುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಈ ಲೆಕ್ಕ ಬೇಡ. 50 ಕಿಲೋದ ಚೀಲಗಳಿಗೆ ತುಂಬಿದರೆ 22 ಚೀಲಗಳಲ್ಲಿ ಮುಗಿಯುತ್ತದೆ, ಮೂರು ಚೀಲಗಳು ಮಾತ್ರ ತುಂಬುವುದಿಲ್ಲ. ಸಮನಾಗಿರಬೇಕೋ, ಕಡಿಮೆಯಾಗಿರಬೇಕೋ ಎಂಬುದನ್ನು ಮೊದಲು ನಿರ್ಧರಿಸಬೇಕು.

ಬೇಲಿಯ ಕಂಬಗಳು

ಶಿರಹಟ್ಟಿ ಕಡೆಯ ಒಂದು ಹೊಲದ ನಾಲ್ಕು ಬದಿಗಳು 198, 264, 231 ಮತ್ತು 165 ಅಡಿ ಇವೆಯೆಂದು ಇಟ್ಟುಕೊಳ್ಳೋಣ. ನಾಲ್ಕೂ ಮೂಲೆಗಳಲ್ಲಿ ಕಂಬ ಇರಲೇಬೇಕು, ಉಳಿದ ಕಂಬಗಳ ನಡುವಿನ ಅಂತರ ಸುತ್ತಲೂ ಒಂದೇ ಇರಬೇಕು.

264ನ್ನು 198ರಿಂದ ಭಾಗಿಸಿದರೆ ಶೇಷ 66. 198ನ್ನು 66 ಸರಿಯಾಗಿ ಭಾಗಿಸುತ್ತದೆ. 231ನ್ನು 66ರಿಂದ ಭಾಗಿಸಿದರೆ ಶೇಷ 33. 66ನ್ನು 33 ಸರಿಯಾಗಿ ಭಾಗಿಸುತ್ತದೆ. 165ನ್ನೂ 33 ಸರಿಯಾಗಿ ಭಾಗಿಸುತ್ತದೆ. ಮ.ಸಾ.ಅ. 33 ಅಡಿ.

33 ಅಡಿಗೊಂದು ಕಂಬ ನೆಟ್ಟರೆ ಮುಳ್ಳುತಂತಿ ಜೋತುಬೀಳುತ್ತದೆ, ದನಗಳು ನುಗ್ಗುತ್ತವೆ. ಇಲ್ಲಿ ಮ.ಸಾ.ಅ. ಮೇಲಿನ ಮಿತಿ ಎಂಬ ಮಾತನ್ನು ನೆನಪಿಸಿಕೊಳ್ಳಬೇಕು. 33ರ ಅಪವರ್ತನಗಳು 1, 3, 11, 33. ಬೇಲಿಗೆ 11 ಅಡಿ ಯೋಗ್ಯ. ಹೊಲದ ಸುತ್ತಳತೆ 858 ಅಡಿ. 858ನ್ನು 11ರಿಂದ ಭಾಗಿಸಿದರೆ 78 ಕಂಬ.

ಲೆಕ್ಕ ಮಾಡದೆ ಹತ್ತಡಿಗೊಂದು ಕಂಬ ಎಂದು ನೆಡುತ್ತ ಹೋದರೆ ಏನಾಗುತ್ತದೆ ನೋಡಿರಿ. 198 ಅಡಿಯ ಬದಿಯಲ್ಲಿ ಕೊನೆಯ ಅಂತರ 8 ಅಡಿ, 264ರಲ್ಲಿ 4 ಅಡಿ, 165ರಲ್ಲಿ 5 ಅಡಿ ಉಳಿಯುತ್ತದೆ. 231 ಅಡಿಯ ಬದಿಯಲ್ಲಂತೂ ಮೂಲೆಕಂಬದಿಂದ ಒಂದೇ ಅಡಿಗೆ ಇನ್ನೊಂದು ಕಂಬ ಬರುತ್ತದೆ. ಒಟ್ಟು ಕಂಬಗಳು 20, 27, 24, 17 ಕೂಡಿ 88. ಅಂದರೆ 11 ಅಡಿಯ ಲೆಕ್ಕಕ್ಕಿಂತ 10 ಕಂಬ ಹೆಚ್ಚು. ಅಂತರ ಒಂದಡಿ ಹೆಚ್ಚಿಸಿದ್ದರಿಂದ ಕೆಲವು, ತುಂಡು ಅಂತರಗಳು ಇಲ್ಲವಾದದ್ದರಿಂದ ಕೆಲವು ಕಂಬಗಳು ಉಳಿದಿವೆ. ಹತ್ತು ಕಂಬಗಳ ಬೆಲೆ, ಹತ್ತು ಕುಣಿ ತೋಡುವ ಕೂಲಿ ಎಷ್ಟಾಗುತ್ತದೆಂಬುದನ್ನು ನೀವೇ ಲೆಕ್ಕ ಹಾಕಿರಿ.

ಅದೇ ಹೊಲದ ಬದುವಿನ ಮೇಲೆ ಬೇವಿನ ಸಸಿ ಹಚ್ಚುವುದಾದರೆ 33 ಅಡಿಯ ಅಂತರವೇ ಹಿಡಿಸುತ್ತದೆ. 858ನ್ನು 33ರಿಂದ ಭಾಗಿಸಿದರೆ 26 ಸಸಿ. ಪ್ರತಿ ಮೂರನೆಯ ಕಂಬದ ನೇರಕ್ಕೆ ಒಂದು ಸಸಿ ಬರುವುದರಿಂದ ಬೇರೆ ಅಳತೆ ಹಿಡಿಯುವ ಕಾರಣವಿಲ್ಲ.

ಸೂಚನೆ: ಸುತ್ತು ಬಂದು ಕೂಡುವ ಬೇಲಿಯಲ್ಲಿ ಅಂತರಗಳೆಷ್ಟೋ ಕಂಬಗಳು ಅಷ್ಟೇ. ಒಂದೇ ಬದಿಗೆ ಹಾಕುವ ಬೇಲಿಯಲ್ಲಿ ಅಂತರಕ್ಕಿಂತ ಒಂದು ಕಂಬ ಹೆಚ್ಚು ಬೇಕು. 198 ಅಡಿಯ ಒಂದೇ ಬದಿಗೆ 11 ಅಡಿಯಂತೆ 18 ಅಂತರ, ಆದರೆ 19 ಕಂಬ.

ಕೂಡಿ ಕೊಂಡ ಸಾಮಾನುಗಳ ಹಂಚಿಕೆ

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಇತಿಹಾಸದಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನವಿದೆ. ಕೂಡಿ ವ್ಯವಹಾರ ಮಾಡುವುದು ಈ ಭಾಗದ ರೈತರಿಗೆ ಹೀಗೆ ತಲೆಮಾರುಗಳಿಂದ ಗೊತ್ತು. ಕೂಡಿ ಕೊಂಡರೆ ಅಗ್ಗವಾಗುತ್ತದೆ. ಆದರೆ ಹಂಚುವಾಗ ಪೊಟ್ಟಣ ಒಡೆಯುವ ಪ್ರಸಂಗ ಬರಬಾರದು.

ಒಂದು ರೈತರ ಗುಂಪು ಹಿಂಗಾರಿ ಕಡಲೆಗಾಗಿ 72 ಚೀಲ ಬೀಜ, ಬೀಜೋಪಚಾರಕ್ಕೆ 108 ಪೊಟ್ಟಣ ಟ್ರೈಕೋಡರ್ಮಾ, ಕಾಯಿಕೊರಕದ ಪತಂಗಗಳಿಗಾಗಿ 180 ಮೋಹಕ ಬಲೆಗಳನ್ನು ತಂದಿದೆ. ಯಾವುದನ್ನೂ ಒಡೆಯದೆ, ಉಳಿಸದೆ ಹೆಚ್ಚೆಂದರೆ ಎಷ್ಟು ಜನ ಸಮನಾಗಿ ಹಂಚಿಕೊಳ್ಳಬಹುದು? 72, 108, 180 ಇವುಗಳ ಮ.ಸಾ.ಅ. 36. ಆದ್ದರಿಂದ 36 ಜನ. ಒಬ್ಬೊಬ್ಬರಿಗೆ 2 ಚೀಲ, 3 ಪೊಟ್ಟಣ, 5 ಬಲೆ. 18 ಜನರಿದ್ದರೆ ಇದರ ಎರಡರಷ್ಟು ಬರುತ್ತದೆ.

ಹಿಂದಿನ ಉದಾಹರಣೆಗಳಲ್ಲಿ ಮ.ಸಾ.ಅ. ಒಂದು ಪಾಲಿನ ಗಾತ್ರವನ್ನು ಹೇಳಿತು. ಇಲ್ಲಿ ಅದು ಪಾಲುದಾರರ ಸಂಖ್ಯೆಯನ್ನು ಹೇಳುತ್ತದೆ. ಈ ವ್ಯತ್ಯಾಸವನ್ನು ಗಮನಿಸಬೇಕು.

ಗುಂಪಿನಲ್ಲಿ 24 ಜನರಿದ್ದರೆ? 36ನ್ನು 24 ಸರಿಯಾಗಿ ಭಾಗಿಸುವುದಿಲ್ಲ. ಒಬ್ಬರಿಗೆ ನಾಲ್ಕೂವರೆ ಪೊಟ್ಟಣ ಬರುತ್ತದೆ. ಇದಕ್ಕೆ ಪರಿಹಾರ ಕೊಳ್ಳುವ ಮೊದಲೇ ಇದೆ. 72 ಚೀಲ, 120 ಪೊಟ್ಟಣ, 192 ಬಲೆ ತಂದರೆ ಮ.ಸಾ.ಅ. 24 ಆಗುತ್ತದೆ. ಒಬ್ಬೊಬ್ಬರಿಗೆ 3 ಚೀಲ, 5 ಪೊಟ್ಟಣ, 8 ಬಲೆ. ಕೊಳ್ಳುವ ಪ್ರತಿಯೊಂದು ಸಂಖ್ಯೆಯನ್ನೂ ಸದಸ್ಯರ ಸಂಖ್ಯೆ ಸರಿಯಾಗಿ ಭಾಗಿಸಬೇಕು ಎಂಬುದೇ ಸೂತ್ರ.

ಗೊಬ್ಬರದ ಬುಟ್ಟಿ

ಮೊದಲು ಯೂರಿಯಾ, ಡಿಎಪಿ ಎರಡೂ 50 ಕಿಲೋದ ಚೀಲಗಳಲ್ಲಿ ಬರುತ್ತಿದ್ದವು. 2018ರಿಂದ ಯೂರಿಯಾ ಚೀಲ 45 ಕಿಲೋಗೆ ಇಳಿದಿದೆ. ಡಿಎಪಿ 50 ಕಿಲೋ ಇದೆ. 45 ಮತ್ತು 50ರ ಮ.ಸಾ.ಅ. 5. ಆದ್ದರಿಂದ 5 ಕಿಲೋ ಹಿಡಿಯುವ ಅಳತೆ ಇಟ್ಟುಕೊಂಡರೆ ಯೂರಿಯಾ 9 ಅಳತೆಗೆ, ಡಿಎಪಿ 10 ಅಳತೆಗೆ ಸರಿಯಾಗಿ ಮುಗಿಯುತ್ತದೆ. ಎರಡೂ ಗೊಬ್ಬರ ಒಂದೇ ಬುಟ್ಟಿಯಲ್ಲಿ ಒಂದೇ ತೂಕ ಬರುವುದಿಲ್ಲವಾದ್ದರಿಂದ, ಒಮ್ಮೆ ಐದೈದು ಕಿಲೋ ತೂಗಿ ಬುಟ್ಟಿಗೆ ಬೇರೆ ಬೇರೆ ಗುರುತು ಹಾಕಿಕೊಳ್ಳಬೇಕು.

ಹಳೆಯ ರೂಢಿಯಂತೆ ಚೀಲಕ್ಕೆ ಹತ್ತು ಬುಟ್ಟಿ ಎಂದು ಹೊಲವನ್ನು ಹತ್ತು ಪಟ್ಟಿ ಮಾಡಿದವರಿಗೆ ಹತ್ತನೆಯ ಪಟ್ಟಿಗೆ ಯೂರಿಯಾ ಇರುವುದಿಲ್ಲ. ಯೂರಿಯಾದಲ್ಲಿ ಶೇಕಡಾ 46 ಸಾರಜನಕ ಇರುತ್ತದೆ. 50 ಕಿಲೋದ ಚೀಲದಲ್ಲಿ 23 ಕಿಲೋ ಸಾರಜನಕ ಇದ್ದರೆ 45 ಕಿಲೋದ ಚೀಲದಲ್ಲಿ 20.7 ಕಿಲೋ ಮಾತ್ರ. ಚೀಲ ಎಣಿಸಿ ಗೊಬ್ಬರ ಹಾಕುವವರು ಈ 2.3 ಕಿಲೋದ ವ್ಯತ್ಯಾಸವನ್ನು ಮರೆಯಬಾರದು.

ಸ್ವಲ್ಪ ಉಳಿಸಿಕೊಂಡು ಹಂಚುವ ಲೆಕ್ಕ

ಕೆಲವು ಸಲ ನಾವೇ ಸ್ವಲ್ಪ ಉಳಿಸಿಕೊಳ್ಳಬೇಕಾಗುತ್ತದೆ. ಮೆಣಸಿನಕಾಯಿ ಸಸಿಯ ಎರಡು ಮಡಿಗಳಲ್ಲಿ ಒಂದರಲ್ಲಿ 1285, ಇನ್ನೊಂದರಲ್ಲಿ 1005 ಸಸಿಗಳಿವೆ. ನೆಟ್ಟ ಮೇಲೆ ಸತ್ತ ಸಸಿಗಳ ಜಾಗಕ್ಕೆ ಹಚ್ಚಲು ಒಂದೊಂದು ಮಡಿಯಿಂದ 45 ಸಸಿ ಉಳಿಸಿಕೊಳ್ಳಬೇಕು. ಉಳಿದವನ್ನು ಸಮನಾದ ಕಟ್ಟುಗಳಾಗಿ ಮಾಡಬೇಕು.

ಉಳಿಸಿಕೊಳ್ಳುವುದನ್ನು ಮೊದಲು ಕಳೆದು ಆಮೇಲೆ ಮ.ಸಾ.ಅ. ತೆಗೆಯಬೇಕು. 1240 ಮತ್ತು 960. ಪರಸ್ಪರ ಭಾಗಿಸಿದಾಗ ಶೇಷಗಳು ಕ್ರಮವಾಗಿ 280, 120, 40, 0. ಉತ್ತರ 40. ಒಂದು ಮಡಿಯಿಂದ 31 ಕಟ್ಟು, ಇನ್ನೊಂದರಿಂದ 24 ಕಟ್ಟು, ಪ್ರತಿ ಕಟ್ಟಿನಲ್ಲಿ 40 ಸಸಿ. ಕಳೆಯದೆ ಲೆಕ್ಕ ಮಾಡಿದ್ದರೆ 1285 ಮತ್ತು 1005ರ ಮ.ಸಾ.ಅ. 5 ಮಾತ್ರ ಬರುತ್ತಿತ್ತು. ಐದೈದು ಸಸಿಗಳ ಕಟ್ಟು ಕಟ್ಟುತ್ತ ಕೂಡಬೇಕಾಗುತ್ತಿತ್ತು.

ಹೊಲದ ಪಾಲು

ಇದು ಎಲ್ಲಕ್ಕಿಂತ ಸೂಕ್ಷ್ಮವಾದ ಲೆಕ್ಕ. ತಂದೆತಾಯಿ ತೀರಿಕೊಂಡ ಮೇಲೆ ಒಂದು ಮನೆತನಕ್ಕೆ ಮೂರು ತುಂಡು ಹೊಲ ಉಳಿದಿದೆ. ಮೊದಲನೆಯದು 2 ಎಕರೆ 16 ಗುಂಟೆ, ಎರಡನೆಯದು 1 ಎಕರೆ 32 ಗುಂಟೆ, ಮೂರನೆಯದು 3 ಎಕರೆ. ಗುಂಟೆಗೆ ಇಳಿಸಿದರೆ 96, 72, 120. ಒಟ್ಟು 288 ಗುಂಟೆ. ಮ.ಸಾ.ಅ. 24. ಅಂದರೆ 24 ಗುಂಟೆಯ ತುಣುಕುಗಳು ಕ್ರಮವಾಗಿ 4, 3, 5, ಒಟ್ಟು 12.

ಮೂವರಿಗೆ ಪಾಲಾದರೆ ಒಬ್ಬೊಬ್ಬರಿಗೆ 4 ತುಣುಕು, ಅಂದರೆ 2 ಎಕರೆ 16 ಗುಂಟೆ. ಒಬ್ಬರಿಗೆ ಮೊದಲನೆಯ ಹೊಲ ಇಡಿಯಾಗಿ ಹೋಗುತ್ತದೆ. ಎರಡನೆಯವರಿಗೆ ಎರಡನೆಯ ಹೊಲ ಇಡಿಯಾಗಿ, ಮೂರನೆಯ ಹೊಲದಲ್ಲಿ ಒಂದು ತುಣುಕು. ಮೂರನೆಯವರಿಗೆ ಅದೇ ಹೊಲದ ಉಳಿದ 4 ತುಣುಕು. ಇಡೀ ಆಸ್ತಿಯಲ್ಲಿ ಒಂದೇ ಒಂದು ಹೊಸ ಬದು ಬೀಳುತ್ತದೆ. ಒಂದೊಂದು ಹೊಲವನ್ನೂ ಮೂರು ಮೂರು ಪಟ್ಟಿ ಮಾಡಿದ್ದರೆ ಆರು ಹೊಸ ಬದುಗಳು ಬೀಳುತ್ತಿದ್ದವು. ಬದು ಹೆಚ್ಚಿದಷ್ಟೂ ಬಿತ್ತುವ ಜಾಗ ಕಡಿಮೆಯಾಗುತ್ತದೆ, ಕುಂಟೆ-ಕೂರಿಗೆ ಹೊರಳಿಸುವುದು ಕಷ್ಟವಾಗುತ್ತದೆ.

ಆದರೆ ಪಾಲುದಾರರನ್ನು ಎಣಿಸುವಲ್ಲಿಯೇ ತಪ್ಪಾದರೆ ಲೆಕ್ಕವೆಲ್ಲ ವ್ಯರ್ಥ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯದೆಯಂತೆ ಹಿರಿಯರಿಂದ ಬಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಮದುವೆಯಾಗಿ ಹೋದಳೆಂಬ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ. ಮೂವರು ಅಣ್ಣತಮ್ಮಂದಿರ ಜೊತೆಗೆ ಇಬ್ಬರು ಅಕ್ಕತಂಗಿಯರಿದ್ದರೆ ಪಾಲು ಮೂರಲ್ಲ, ಐದು. ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿದ ಪಾಲು ಮುಂದೆ ಕೋರ್ಟಿನ ಮೆಟ್ಟಿಲು ಹತ್ತಿಸೀತು.

12 ತುಣುಕುಗಳನ್ನು ಐವರಿಗೆ ಸಮನಾಗಿ ಹಂಚಲು ಬರುವುದಿಲ್ಲ. ಹಾಗಾದರೆ ಏನು ಮಾಡಬೇಕು? ಮೊದಲು ಒಬ್ಬೊಬ್ಬರಿಗೆ ಎರಡೆರಡು ತುಣುಕು, ಅಂದರೆ 48 ಗುಂಟೆ ಕೊಡಬೇಕು. 2 ತುಣುಕು, ಅಂದರೆ 48 ಗುಂಟೆ ಉಳಿಯುತ್ತದೆ. ಅದನ್ನು ಐದರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ 9 ಗುಂಟೆ ಬಂದು 3 ಗುಂಟೆ ಉಳಿಯುತ್ತದೆ. ಹೀಗೆ ಒಬ್ಬರ ಪಾಲು 57 ಗುಂಟೆ. ಉಳಿದ 3 ಗುಂಟೆಯನ್ನು ಆಣೆಗಳಲ್ಲಿ ಕತ್ತರಿಸುವ ಬದಲು ಎಲ್ಲರಿಗೂ ಬೇಕಾದ ಬಂಡಿದಾರಿಗೆ, ಕಣಕ್ಕೆ ಸಾಮಾಯಿಕವಾಗಿ ಬಿಟ್ಟುಕೊಳ್ಳಬಹುದು. ಇಲ್ಲವೆ ಒಬ್ಬರು ಅದನ್ನು ತೆಗೆದುಕೊಂಡು ಉಳಿದ ನಾಲ್ವರಿಗೆ ಅದರ ಬೆಲೆಯಲ್ಲಿ ಅವರವರ ಪಾಲು ಕೊಡಬಹುದು. ಶೇಷ ಉಳಿಯುವುದು ತಪ್ಪಲ್ಲ. ಶೇಷಕ್ಕೆ ಏನು ಮಾಡಬೇಕೆಂದು ಮೊದಲೇ ಎಲ್ಲರೆದುರು ಮಾತಾಡಿಕೊಳ್ಳದಿರುವುದು ತಪ್ಪು.

ಇನ್ನೊಂದು ಮಾತು. ಗುಂಟೆಗಳು ಸಮನಾದರೆ ಪಾಲು ಸಮನಾಯಿತೆಂದು ತಿಳಿಯಬಾರದು. ಎರೆ ಹೊಲ ಬೇರೆ, ಮಸಾರಿ ಹೊಲ ಬೇರೆ. ಬಾವಿಯ ಮಗ್ಗುಲಿನ ಹೊಲ ಬೇರೆ, ಗುಡ್ಡದ ಇಳಿಜಾರಿನ ಹೊಲ ಬೇರೆ. ಹೀಗಿದ್ದರೆ ಊರ ಹಿರಿಯರನ್ನು ಕೂಡಿಸಿ ಒಂದೊಂದು ತುಣುಕಿನ ಬೆಲೆ ಕಟ್ಟಿಸಿ, ಆ ಬೆಲೆಯ ಮೇಲೆ ಪಾಲು ಮಾಡಬೇಕು. ಕೊನೆಯ ಅಳತೆಯನ್ನು ಭೂಮಾಪಕರಿಂದ ಮಾಡಿಸಿ, ನಕ್ಷೆಯೊಡನೆ ಪಾಲುಪತ್ರವನ್ನು ನೋಂದಣಿ ಮಾಡಿಸಬೇಕು. ಬಾಯಿಮಾತಿನ ಪಾಲು ಮುಂದಿನ ತಲೆಮಾರಿಗೆ ಜಗಳವಾಗಿ ಉಳಿಯುತ್ತದೆ.

ಎಲ್ಲಿ ಇದು ಒದಗುವುದಿಲ್ಲ?

1. ಮ.ಸಾ.ಅ. 1 ಬಂದಾಗ. ಬೇಲಿಯ ಒಂದು ಬದಿ 198ರ ಬದಲು 199 ಅಡಿ ಇದ್ದರೆ, 199 ಮತ್ತು 264ರ ಮ.ಸಾ.ಅ. 1. ಅಡಿಗೊಂದು ಕಂಬ ನೆಡಲಾಗದು. ಲೆಕ್ಕ ಕೂಡಲೆಂದು ಮೂಲೆಗಲ್ಲನ್ನು ಸರಿಸಲಂತೂ ಕೂಡದು. ಆಗ ಆ ಬದಿಯನ್ನಷ್ಟೇ 18 ಸಮಭಾಗ ಮಾಡಬೇಕು. ಒಂದೊಂದು ಅಂತರ 11 ಅಡಿ ಮತ್ತು ಮುಕ್ಕಾಲು ಇಂಚಿಗೂ ತುಸು ಕಡಿಮೆ ಆಗುತ್ತದೆ. ಒಂದಡಿಯ ಹೆಚ್ಚಳ ಹದಿನೆಂಟು ಕಡೆ ಹಂಚಿಹೋಗಿ ಕಣ್ಣಿಗೂ ಕಾಣುವುದಿಲ್ಲ.

2. ಮತ್ತೆ ಯಾವಾಗ ಕೂಡುತ್ತವೆ ಎಂಬ ಪ್ರಶ್ನೆ ಬಂದಾಗ. ಮುಂಡರಗಿಯ ತುಂಗಭದ್ರಾ ದಂಡೆಯ ಒಂದು ಹೊಲಕ್ಕೆ 6 ದಿನಕ್ಕೊಮ್ಮೆ, ಪಕ್ಕದ ಹೊಲಕ್ಕೆ 8 ದಿನಕ್ಕೊಮ್ಮೆ ನೀರಿನ ಪಾಳಿ ಬರುತ್ತದೆನ್ನಿ. ಇಂದು ಎರಡೂ ಪಾಳಿ ಒಂದೇ ದಿನ ಬಂದರೆ ಮತ್ತೆ ಎಂದು ಕೂಡುತ್ತವೆ? ಇಲ್ಲಿ ಬೇಕಾದದ್ದು ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಲ.ಸಾ.ಅ. ಎರಡು ಸಂಖ್ಯೆಗಳನ್ನು ಗುಣಿಸಿ ಅವುಗಳ ಮ.ಸಾ.ಅ.ದಿಂದ ಭಾಗಿಸಿದರೆ ಅದು ಸಿಗುತ್ತದೆ. 6ನ್ನು 8ರಿಂದ ಗುಣಿಸಿದರೆ 48. ಮ.ಸಾ.ಅ. 2. ಉತ್ತರ 24 ದಿನ. ಇದ್ದುದನ್ನು ಸಮನಾಗಿ ಒಡೆಯುವ ಲೆಕ್ಕವಾದರೆ ಮ.ಸಾ.ಅ., ಬೇರೆ ಬೇರೆ ಗತಿಯವು ಮತ್ತೆ ಕೂಡುವ ಲೆಕ್ಕವಾದರೆ ಲ.ಸಾ.ಅ. ಎಂದು ನೆನಪಿಟ್ಟುಕೊಂಡರೆ ಸಾಕು.

ನೀವೇ ಮಾಡಿ ನೋಡಿರಿ

1. ಬೆಟಗೇರಿಯ ನೇಕಾರರೊಬ್ಬರ ಬಳಿ 66 ಮೀಟರ್ ಮತ್ತು 55 ಮೀಟರಿನ ಎರಡು ನೇಯ್ದ ಬಟ್ಟೆಗಳಿವೆ. ಏನೂ ಉಳಿಯದಂತೆ ಸಮನಾಗಿ ಕತ್ತರಿಸಿದರೆ ಅತಿ ಉದ್ದದ ತುಂಡು ಎಷ್ಟು? ಅದರಿಂದ ಐದೂವರೆ ಮೀಟರಿನ ಸೀರೆಗಳು ಒಟ್ಟು ಎಷ್ಟಾಗುತ್ತವೆ?

2. 144 ಮೀಟರ್ ಉದ್ದ, 108 ಮೀಟರ್ ಅಗಲದ ಶೇಂಗಾ ಹೊಲಕ್ಕೆ ಎರಡೂ ಕಡೆ ಒಂದೇ ಅಂತರದಲ್ಲಿ ತುಂತುರು ನೀರಾವರಿಯ ನಳಿಕೆಗಳನ್ನು ನಿಲ್ಲಿಸಬೇಕು. 12 ಮೀಟರ್ ಅಂತರ ಹೊಂದುತ್ತದೆಯೇ?

3. ಒಂದು ಸಂತೆ 7 ದಿನಕ್ಕೊಮ್ಮೆ ಕೂಡುತ್ತದೆ. ಹಾಲಿನ ಹಣದ ಪಾವತಿ 10 ದಿನಕ್ಕೊಮ್ಮೆ ಆಗುತ್ತದೆ. ಇಂದು ಎರಡೂ ಒಂದೇ ದಿನ ಬಂದಿವೆ. ಮತ್ತೆ ಎಷ್ಟು ದಿನಕ್ಕೆ ಕೂಡಿಬರುತ್ತವೆ?

ಉತ್ತರಗಳು: (1) ಮ.ಸಾ.ಅ. 11 ಮೀಟರ್. 6 ಮತ್ತು 5 ಕೂಡಿ 11 ತುಂಡು. ತುಂಡಿಗೆ 2ರಂತೆ 22 ಸೀರೆ. (2) ಮ.ಸಾ.ಅ. 36. ಅದನ್ನು 12 ಸರಿಯಾಗಿ ಭಾಗಿಸುವುದರಿಂದ ಹೊಂದುತ್ತದೆ. ಉದ್ದಕ್ಕೆ 12, ಅಗಲಕ್ಕೆ 9 ಅಂತರಗಳು. (3) ಇದು ಲ.ಸಾ.ಅ.ದ ಲೆಕ್ಕ. ಮ.ಸಾ.ಅ. 1 ಆದ್ದರಿಂದ 70 ದಿನ.

ಈ ಲೆಕ್ಕಗಳಿಗೆ ಬೇಕಾಗುವುದು ಒಂದು ತುಂಡು ಕಾಗದ, ಒಂದು ಪೆನ್ಸಿಲು, ಐದು ನಿಮಿಷದ ವೇಳೆ. ಕಂಬ ತರುವ ಮೊದಲು, ಪೊಟ್ಟಣ ಕೊಳ್ಳುವ ಮೊದಲು, ಹೊಲಕ್ಕೆ ಹಗ್ಗ ಹಿಡಿಯುವ ಮೊದಲು ಇದನ್ನು ಮಾಡಬೇಕು. ಕುಣಿ ತೋಡಿದ ಮೇಲೆ ಪ್ರಯೋಜನವಿಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಂದಲೇ ಮಾಡಿಸಿರಿ. ತಾವು ಕಲಿತದ್ದು ಹೊಲದಲ್ಲಿ ಉಪಯೋಗಕ್ಕೆ ಬರುವುದನ್ನು ಕಂಡರೆ ಅವರಿಗೂ ಉತ್ಸಾಹ ಬರುತ್ತದೆ, ನಿಮ್ಮ ಲೆಕ್ಕವೂ ಎರಡು ಸಲ ಪರೀಕ್ಷೆಯಾದಂತಾಗುತ್ತದೆ.